ಹತ್ತನೇ ತರಗತಿಯಲ್ಲಿ ಚಿರತೆ ಹಲ್ಲಿ

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಅನುವಂಶೀಯತೆ ಅಧ್ಯಾಯದಲ್ಲಿ ಲಿಂಗ ನಿರ್ಧಾರ ಎಂಬ ಚಿಕ್ಕ ಭಾಗವಿದೆ. ಮನುಷ್ಯರ ಎಕ್ಸ್, ವೈ ಕ್ರೋಮೋಸೋಮ್‌ಗಳ ವಿಷಯಕ್ಕೆ ಬರುವ ಮೊದಲು ಪುಸ್ತಕ ಒಂದೇ ಉಸಿರಿನಲ್ಲಿ ಎರಡು ಸಂಗತಿ ಹೇಳಿ ಮುಂದಕ್ಕೆ ಹೋಗುತ್ತದೆ. ಕೆಲವು ಸರೀಸೃಪಗಳಲ್ಲಿ ಮೊಟ್ಟೆ ಎಷ್ಟು ತಾಪದಲ್ಲಿರುತ್ತದೆ ಎಂಬುದರ ಮೇಲೆ ಮರಿ ಗಂಡೋ ಹೆಣ್ಣೋ ಎಂಬುದು ತೀರ್ಮಾನವಾಗುತ್ತದೆ. ಬಸವನಹುಳುವಿನಂಥ ಪ್ರಾಣಿಗಳು ಲಿಂಗವನ್ನೇ ಬದಲಿಸಿಕೊಳ್ಳಬಲ್ಲವು. ಯಾವ ಸರೀಸೃಪ, ಎಷ್ಟು ತಾಪ ಎಂಬ ವಿವರ ಅಲ್ಲಿಲ್ಲ. ನಾನು ವೀಕ್ಷಕಳಾಗಿ ಕುಳಿತ ಸಹಪಾಠಿಗಳ ಮೂರು ಪಾಠಗಳಲ್ಲಿಯೂ ಈ ವಾಕ್ಯವನ್ನು ಒಬ್ಬ ವಿದ್ಯಾರ್ಥಿ ಗಟ್ಟಿಯಾಗಿ ಓದಿದ, ಪಾಠ ಎಕ್ಸ್, ವೈಗೆ ಜಿಗಿಯಿತು. ಪರೀಕ್ಷೆಗೆ ಒಂದು ಅಂಕದ ಪ್ರಶ್ನೆ ಬಂದರೂ ಬರಬಹುದು ಎನ್ನುವಷ್ಟೇ ಅದರ ಬೆಲೆ.

ನನ್ನ ಅಭ್ಯಾಸ ಬೋಧನೆಯಲ್ಲಿ ಈ ಘಟಕ ಬಂದಾಗ ಆ ಒಂದು ವಾಕ್ಯಕ್ಕೆ ಪೂರ್ತಿ ಒಂದು ಅವಧಿ ಇಟ್ಟುಕೊಂಡು ಪಾಠ ಯೋಜನೆ ಬರೆದೆ. ‘ಕೆಲವು ಸರೀಸೃಪಗಳು’ ಎಂದು ಹೇಳಿದರೆ ಮಕ್ಕಳ ಕಣ್ಣಿಗೆ ಯಾವ ಪ್ರಾಣಿಯೂ ಬರುವುದಿಲ್ಲ. ಹೆಸರಿರುವ, ಮುಖವಿರುವ, ಏನು ತಿನ್ನುತ್ತದೆ ಎಂದು ಕೇಳಬಹುದಾದ ಒಂದು ಪ್ರಾಣಿ ಬೇಕಿತ್ತು. ಅಂಥದ್ದೊಂದು ನನಗೆ ಎರಡು ವರ್ಷಗಳಿಂದ ಪರಿಚಯವಿತ್ತು, ಫೋನಿನ ಪರದೆಯ ಮೇಲೆ ಮಾತ್ರ.

ನನ್ನ ಚಿಕ್ಕಪ್ಪನ ಮಗ ಅಮೆರಿಕದ ಟೆಕ್ಸಸ್‌ನಲ್ಲಿ ಕೆಲಸದಲ್ಲಿದ್ದಾನೆ. ಬಾಡಿಗೆ ಮನೆಯಲ್ಲಿ ನಾಯಿ ಸಾಕಲು ಅನುಮತಿ ಇಲ್ಲವೆಂದು ಅವನು ಒಂದು ಲೆಪರ್ಡ್ ಗೆಕ್ಕೊ ತಂದುಕೊಂಡ. ನಾವು ಅದನ್ನು ಚಿರತೆ ಹಲ್ಲಿ ಎನ್ನುತ್ತೇವೆ. ಬಣ್ಣ ನೋಡಿ ಅವನು ಇಟ್ಟ ಹೆಸರು ‘ಬೆಲ್ಲ’. ಅಲ್ಲಿ ರಾತ್ರಿ ಎಂಟಾದಾಗ ಇಲ್ಲಿ ಬೆಳಿಗ್ಗೆ ಆರೂವರೆ. ಚಿರತೆ ಹಲ್ಲಿ ಕತ್ತಲಾಗುವ ಹೊತ್ತಿಗೆ ಚುರುಕಾಗುವ ಪ್ರಾಣಿಯಾದ್ದರಿಂದ, ನಾನು ಕಾಲೇಜಿಗೆ ಹೊರಡುವ ಮುಂಚಿನ ವಿಡಿಯೋ ಕರೆಯಲ್ಲಿ ಬೆಲ್ಲ ತನ್ನ ಗೂಡಿನಿಂದ ಆಗಷ್ಟೇ ಹೊರಬರುತ್ತಿರುತ್ತದೆ. ನಮ್ಮ ಅಜ್ಜಿ ಮೊದಲ ಬಾರಿ ನೋಡಿದಾಗ, ‘ಅಷ್ಟು ದೂರ ಹೋಗಿ ಹಲ್ಲಿ ಸಾಕೋದಾ, ಇಲ್ಲಿ ಗೋಡೆ ತುಂಬಾ ಇರಲಿಲ್ವಾ’ ಎಂದರು.

ಅಜ್ಜಿಯ ಮಾತು ನನಗೆ ಪಾಠದ ಪ್ರವೇಶವಾಯಿತು. ನಮ್ಮ ಗೋಡೆಯ ಹಲ್ಲಿಗೂ ಇದಕ್ಕೂ ಏನು ವ್ಯತ್ಯಾಸ? ತರಗತಿಯಲ್ಲಿ ಪೂರ್ವಜ್ಞಾನ ಪರೀಕ್ಷೆಗೆಂದು ಹಲ್ಲಿಯ ಬಗ್ಗೆ ಗೊತ್ತಿರುವುದನ್ನು ಹೇಳಲು ಕೇಳಿದೆ. ಮೈಮೇಲೆ ಬಿದ್ದರೆ ಯಾವ ಭಾಗಕ್ಕೆ ಬಿತ್ತೆಂದು ಪಂಚಾಂಗ ನೋಡಬೇಕು. ಮಾತಾಡುವಾಗ ಲೊಚಗುಟ್ಟಿದರೆ ಮಾತು ನಿಜ. ಹಾಲಿಗೆ ಬಿದ್ದರೆ ಹಾಲು ವಿಷ. ಕಂಚಿಗೆ ಹೋಗಿ ಚಿನ್ನದ ಹಲ್ಲಿ, ಬೆಳ್ಳಿ ಹಲ್ಲಿ ಮುಟ್ಟಿ ಬಂದರೆ ದೋಷವಿಲ್ಲ. ಹದಿನೈದು ನಿಮಿಷ ಹೇಳಿದರೂ ಮುಗಿಯದಷ್ಟು ಸಾಮಗ್ರಿ. ಅದಕ್ಕೆ ಕಣ್ಣುರೆಪ್ಪೆ ಇದೆಯೇ ಎಂದು ಕೇಳಿದಾಗ ಮಾತ್ರ ಮೂವತ್ತೆಂಟು ಮಕ್ಕಳೂ ಸುಮ್ಮನಾದರು. ದಿನಾ ನೋಡುವ ಪ್ರಾಣಿಯ ಶಕುನವೆಲ್ಲ ಗೊತ್ತು, ಕಣ್ಣು ಯಾರೂ ನೋಡಿಲ್ಲ. (ವಿಷದ ಮಾತು ಅಲ್ಲಿಗೇ ಬಿಡಲಾಗಲಿಲ್ಲ. ಮನೆಹಲ್ಲಿಗೆ ವಿಷಗ್ರಂಥಿ ಇಲ್ಲ, ಆದರೆ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಅದರ ಹಿಕ್ಕೆಯಲ್ಲಿರಬಹುದು, ಆದ್ದರಿಂದ ಬಿದ್ದ ಹಾಲನ್ನು ಚೆಲ್ಲುವುದು ಸರಿಯೇ ಎಂದೆ. ನಂಬಿಕೆ ತಪ್ಪು, ನಡವಳಿಕೆ ಸರಿ ಎಂಬ ಇಂಥ ಉದಾಹರಣೆಗಳು ವಿಜ್ಞಾನ ಶಿಕ್ಷಕರಿಗೆ ಬಹಳ ಉಪಯೋಗಕ್ಕೆ ಬರುತ್ತವೆ.)

ಆಮೇಲೆ ಬೆಲ್ಲದ ವಿಡಿಯೋ ತೋರಿಸಿದೆ. ಬೆಲ್ಲ ಕಣ್ಣು ಮಿಟುಕಿಸಿತು. ತರಗತಿಯಲ್ಲಿ ‘ಓ’ ಎಂಬ ಸದ್ದು ಬಂತು. ಗೋಡೆಯ ಹಲ್ಲಿಯ ಕಣ್ಣಿಗೆ ಮಿಟುಕಿಸುವ ರೆಪ್ಪೆ ಇಲ್ಲ, ಪಾರದರ್ಶಕ ಪೊರೆಯಷ್ಟೇ ಇದೆ. ನಾಲಿಗೆಯಿಂದ ಅದು ಆ ಪೊರೆಯನ್ನು ಒರೆಸಿಕೊಳ್ಳುತ್ತದೆ. ಚಿರತೆ ಹಲ್ಲಿಗೆ ನಮ್ಮಂತೆ ಮುಚ್ಚಿ ತೆರೆಯುವ ರೆಪ್ಪೆಗಳಿವೆ, ಕಣ್ಣು ಮುಚ್ಚಿಯೇ ನಿದ್ದೆ ಮಾಡುತ್ತದೆ. ಅದರ ವೈಜ್ಞಾನಿಕ ಹೆಸರು ಯೂಬ್ಲೆಫಾರಿಸ್ ಮ್ಯಾಕ್ಯುಲೇರಿಯಸ್. ಮೊದಲ ಪದದಲ್ಲಿಯೇ ಗ್ರೀಕ್ ಭಾಷೆಯ ‘ರೆಪ್ಪೆ’ ಇದೆ, ಎರಡನೆಯದು ಮೈಮೇಲಿನ ಚುಕ್ಕೆಗಳ ಗುರುತು. 1854ರಲ್ಲಿ ಇದನ್ನು ವಿಜ್ಞಾನಕ್ಕೆ ಪರಿಚಯಿಸಿದವರು ಎಡ್ವರ್ಡ್ ಬ್ಲೈತ್. ಅವರು ಆಗ ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದರು. ಪ್ರಾಣಿ ಸಿಕ್ಕಿದ್ದು ಪಂಜಾಬಿನ ಸಾಲ್ಟ್ ರೇಂಜ್ ಬೆಟ್ಟಗಳಲ್ಲಿ, ಅದು ಈಗಿನ ಪಾಕಿಸ್ತಾನದ ಭಾಗ. ಅಂದರೆ ಟೆಕ್ಸಸ್‌ನ ಗಾಜಿನ ಪೆಟ್ಟಿಗೆಯಲ್ಲಿರುವ ಬೆಲ್ಲದ ಮೂಲ ಅಫ್ಘಾನಿಸ್ತಾನ, ಪಾಕಿಸ್ತಾನ, ವಾಯವ್ಯ ಭಾರತದ ಒಣ ಕಲ್ಲುನೆಲ. ಅದರ ಹತ್ತಿರದ ಬಂಧುಗಳು ನಮ್ಮ ದೇಶದಲ್ಲಿಯೂ ಇವೆ. ಮಧ್ಯಭಾರತದ ಸಾತ್ಪುರ ಬೆಟ್ಟಗಳ ಹೆಸರಿನ ಒಂದು ಪ್ರಭೇದವನ್ನು ಗುರುತಿಸಿದ್ದು 2014ರಲ್ಲಷ್ಟೇ.

ಎರಡನೆಯ ವಿಡಿಯೋದಲ್ಲಿ ಅಣ್ಣ ಅದನ್ನು ಗಾಜಿನ ಪೆಟ್ಟಿಗೆಯ ಗೋಡೆಯ ಪಕ್ಕ ಬಿಟ್ಟಿದ್ದ. ಅದು ಹತ್ತಲಿಲ್ಲ, ಹತ್ತಲು ಅದಕ್ಕೆ ಆಗುವುದೂ ಇಲ್ಲ. ಮನೆಹಲ್ಲಿಯ ಬೆರಳಡಿಯ ಪಟ್ಟಿಗಳಲ್ಲಿ ಲಕ್ಷಗಟ್ಟಲೆ ಸೂಕ್ಷ್ಮ ಕೂದಲುಗಳಿವೆ. ಅವು ಗೋಡೆಗೆ ತೀರಾ ಹತ್ತಿರವಾದಾಗ ಅಣುಗಳ ನಡುವಿನ ವಾನ್ ಡರ್ ವಾಲ್ಸ್ ಸೆಳೆತವೇ ಹಲ್ಲಿಯನ್ನು ಹಿಡಿದಿಡುತ್ತದೆ, ಅಂಟೇನೂ ಇಲ್ಲ. ಚಿರತೆ ಹಲ್ಲಿಗೆ ಆ ಪಟ್ಟಿಗಳಿಲ್ಲ, ಬರೀ ಪುಟ್ಟ ಉಗುರುಗಳು. ಕಲ್ಲಿನ ಸಂದಿಯಲ್ಲಿ ಹಗಲು ಕಳೆದು ಸಂಜೆ ನೆಲದ ಮೇಲೆ ನಡೆದು ಬೇಟೆಯಾಡುವ ಪ್ರಾಣಿಗೆ ಗೋಡೆ ಯಾಕೆ ಬೇಕು?

ಇಲ್ಲಿ ನಾನೊಂದು ಪ್ರಶ್ನೆಯನ್ನು ಕಪ್ಪುಹಲಗೆಯ ಮೇಲೆ ಬರೆದೆ: ‘ಇಷ್ಟೊಂದು ಹಲ್ಲಿಗಳಿರುವಾಗ ಜನ ಸಾಕಲು ಇದನ್ನೇ ಯಾಕೆ ಆರಿಸಿದರು?’ ನನ್ನ ಮಟ್ಟಿಗೆ ಇಡೀ ಪಾಠದ ಒಳ್ಳೆಯ ಭಾಗ ಇದೇ. ಪ್ರಾಣಿಯ ಒಂದೊಂದು ಲಕ್ಷಣ ಹೇಳುತ್ತ ಹೋದಂತೆ ಮಕ್ಕಳೇ ಉತ್ತರ ಕಟ್ಟಿದರು. ಗಾಜು ಹತ್ತುವುದಿಲ್ಲ, ಆದ್ದರಿಂದ ತಪ್ಪಿಸಿಕೊಳ್ಳುವುದು ಕಷ್ಟ. ನಿಧಾನಿ, ಆದ್ದರಿಂದ ಕೈಗೆ ಸಿಗುತ್ತದೆ. ಮೂಗಿನಿಂದ ಬಾಲದ ತುದಿವರೆಗೆ 20 ರಿಂದ 25 ಸೆಂ.ಮೀ., ಆದ್ದರಿಂದ ದೊಡ್ಡ ಜಾಗ ಬೇಡ. ದಪ್ಪ ಬಾಲದಲ್ಲಿ ಕೊಬ್ಬು ಕೂಡಿಟ್ಟುಕೊಂಡಿರುತ್ತದೆ. ಕಟ್ಟಿಕೊಂಡ ಬುತ್ತಿಯ ಹಾಗೆ ಅದು ಊಟವಿಲ್ಲದ ದಿನಗಳಿಗೆ ಒದಗುತ್ತದೆ. ಅಣ್ಣ ನಾಲ್ಕು ದಿನ ಊರಿಗೆ ಹೋಗಿ ಬಂದರೂ ಆರೋಗ್ಯವಾಗಿರುವ ದೊಡ್ಡ ಹಲ್ಲಿಗೆ ಹಸಿವಿನಿಂದ ಆಪತ್ತಿಲ್ಲ, ನೀರಿದ್ದರೆ ಸಾಕು. ಮಲವಿಸರ್ಜನೆಗೆ ಪೆಟ್ಟಿಗೆಯ ಒಂದೇ ಮೂಲೆಯನ್ನು ಹಿಡಿದುಕೊಳ್ಳುತ್ತದೆ. ಬಯಲಿನಲ್ಲಿ ಬದುಕುಳಿಯಲು ಒದಗಿದ ಗುಣಗಳೇ ಮನುಷ್ಯನ ಮನೆಯಲ್ಲಿ ‘ಒಳ್ಳೆಯ ಸಾಕುಪ್ರಾಣಿ’ಯ ಗುಣಗಳಾಗಿವೆ. ಹೊಂದಾಣಿಕೆ ಎಂಬ ಪದವನ್ನು ನಾನು ಹೇಳಲಿಲ್ಲ, ಹಿಂದಿನ ಬೆಂಚಿನಿಂದ ಬಂತು.

‘ಅದು ಯಾವಾಗಲೂ ನಗ್ತಾ ಇರುತ್ತೆ ಮಿಸ್’ ಎಂದಳೊಬ್ಬಳು. ಬಾಯಿಯ ಅಂಚು ಹಾಗಿದೆ, ಹೆದರಿದಾಗಲೂ ಹಾಗೇ ಇರುತ್ತದೆ ಎಂದೆ. ಅದರ ಮನಸ್ಸು ತಿಳಿಯಬೇಕಾದರೆ ಬಾಲ ನೋಡಬೇಕು. ಹುಳುವಿನ ಮೇಲೆ ಎರಗುವ ಮೊದಲು ಬೆಕ್ಕಿನ ಹಾಗೆ ಬಾಲದ ತುದಿ ಅದುರುತ್ತದೆ. ತೀರಾ ಬೆದರಿದರೆ ಬಾಲವನ್ನೇ ಕಳಚುತ್ತದೆ. ಮತ್ತೆ ಬೆಳೆಯುವ ಬಾಲ ಮೊಂಡು, ಅದರೊಳಗೆ ಬೆನ್ನುಮೂಳೆಯ ಮಣಿಗಳಿರುವುದಿಲ್ಲ, ಮೃದ್ವಸ್ಥಿಯ ಕಡ್ಡಿ ಮಾತ್ರ. ಇನ್ನೊಂದು ಫೋಟೋದಲ್ಲಿ ತಲೆಯ ಪಕ್ಕದ ಕಿವಿರಂಧ್ರದ ಮೂಲಕ ಆಚೆಬದಿಯ ಬೆಳಕು ಕಾಣುತ್ತಿತ್ತು. ಎರಡು ಕಿವಿಗಳ ನಡುವೆ ಅಷ್ಟು ತೆಳುವಾದ ಪರದೆಗಳು. ‘ಈ ಕಿವೀಲಿ ಕೇಳಿ ಆ ಕಿವೀಲಿ ಬಿಡೋದು ಅಂದ್ರೆ ಇದೇ’ ಎಂದು ಒಬ್ಬ ಹುಡುಗ ಪಕ್ಕದವನನ್ನು ತೋರಿಸಿದ. ಆಮೇಲೆ ಎರಡು ನಿಮಿಷ ಪಾಠ ನಡೆಯಲಿಲ್ಲ.

ಎಲ್ಲಿ ಸಿಗುತ್ತದೆ, ಎಷ್ಟು ದುಡ್ಡು ಎಂಬ ಪ್ರಶ್ನೆ ನಿರೀಕ್ಷಿಸಿದ್ದೆ, ಬಂತು. ನಾನು ಬೆಲೆ ಹೇಳಲಿಲ್ಲ, ಅಣ್ಣನ ದಿನಚರಿ ಹೇಳಿದೆ. ಪೆಟ್ಟಿಗೆಯ ಒಂದು ತುದಿ 32 ಡಿಗ್ರಿಯ ಆಸುಪಾಸು, ಇನ್ನೊಂದು ತುದಿ 25ರ ಆಸುಪಾಸು ಇರಬೇಕು. ಮೈತಾಪವನ್ನು ಒಳಗಿನಿಂದ ಕಾಯ್ದುಕೊಳ್ಳಲಾಗದ ಪ್ರಾಣಿ ಬಿಸಿಗೂ ತಂಪಿಗೂ ತಾನೇ ನಡೆದು ಹೋಗಬೇಕು. ಸೊಪ್ಪು, ಅನ್ನ ಮುಟ್ಟುವುದಿಲ್ಲ, ಜೀವಂತ ಹುಳು ಬೇಕು. ಹುಳುವಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡದಿದ್ದರೆ ಮೂಳೆ ಮೆತ್ತಗಾಗಿ ಕಾಲು ಸೊಟ್ಟಗಾಗುತ್ತದೆ. ಎರಡು ಗಂಡುಗಳನ್ನು ಒಟ್ಟಿಗಿಟ್ಟರೆ ಕಚ್ಚಾಡುತ್ತವೆ. ಮುಟ್ಟಿದ ಮೇಲೆ ಕೈ ತೊಳೆಯಬೇಕು. ಇದೆಲ್ಲ ಹದಿನೈದು ವರ್ಷವೂ ಇರಬಹುದು, ಇಪ್ಪತ್ತೂ ಆಗಬಹುದು, ಚೆನ್ನಾಗಿ ನೋಡಿಕೊಂಡರೆ ಅದು ಅಷ್ಟು ಕಾಲ ಬದುಕುತ್ತದೆ. ನಿಮಗೀಗ ಹದಿನೈದು, ಅಷ್ಟು ಹೊತ್ತಿಗೆ ಎಷ್ಟು ಎಂದು ಲೆಕ್ಕ ಹಾಕಿ ಎಂದೆ. ನಮ್ಮ ಬೇಲಿಸಾಲಿನಲ್ಲಿ ಸಿಗುವ ನಕ್ಷತ್ರ ಆಮೆಯನ್ನೋ ಉಡವನ್ನೋ ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ ಎಂಬುದನ್ನೂ ಸೇರಿಸಿದೆ. ಇಬ್ಬರು ಮುಖ ಮುಖ ನೋಡಿಕೊಂಡರು. ನಾನು ವಿಚಾರಿಸಲಿಲ್ಲ.

ಅವಧಿಯ ಉಳಿದ ಭಾಗ ಆ ಒಂದು ವಾಕ್ಯಕ್ಕೆ. ಕಪ್ಪುಹಲಗೆಯ ಮೇಲೆ ಎರಡು ಅಕ್ಷ ಎಳೆದೆ. ಅಡ್ಡಕ್ಕೆ ಮೊಟ್ಟೆಯ ತಾಪ, 26 ರಿಂದ 34 ಡಿಗ್ರಿ. ಉದ್ದಕ್ಕೆ ಕೆಳಗೆ ‘ಹೆಣ್ಣು ಹೆಚ್ಚು’, ಮೇಲೆ ‘ಗಂಡು ಹೆಚ್ಚು’. ರೇಖೆ ಹೇಗೆ ಹೋಗುತ್ತದೆಂದು ಊಹಿಸಿ ಎಂದೆ. ‘ಉಷ್ಣ ಜಾಸ್ತಿ ಆದಷ್ಟೂ ಗಂಡು ಮಿಸ್’ ಎಂದು ಒಬ್ಬ ಧೈರ್ಯವಾಗಿ ಬಂದು ಓರೆಯಾದ ನೇರ ಗೆರೆ ಎಳೆದ. ಎಲ್ಲರೂ ಒಪ್ಪಿದರು. ನಾನು ಒಂದೊಂದೇ ಚುಕ್ಕೆ ಇಟ್ಟೆ. 26 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೆಣ್ಣು. 30ರಲ್ಲಿ ಮಿಶ್ರ, ಹೆಣ್ಣೇ ಹೆಚ್ಚು. ಮೂವತ್ತೆರಡೂವರೆಯ ಹತ್ತಿರ ಗಂಡು ಹೆಚ್ಚು. 34ಕ್ಕೆ ಹೋದಾಗ ಮತ್ತೆ ಹೆಣ್ಣೇ ಹೆಚ್ಚು. ಗೆರೆ ಹತ್ತಿ ಇಳಿಯಿತು. ಬೆಟ್ಟದ ಆಕಾರ ಬಂದ ಕೂಡಲೇ ಉಷ್ಣದ ಸಿದ್ಧಾಂತ ಬಿದ್ದುಹೋಯಿತು. ನಾನು ಅದನ್ನು ಅಳಿಸಬೇಕಾಗಲಿಲ್ಲ, ಗೆರೆ ಎಳೆದವನೇ ಬಂದು ಅಳಿಸಿದ.

ಬಾಣಂತಿ, ಬಸುರಿಯರ ಊಟದಲ್ಲಿ ಉಷ್ಣ, ಶೀತ ನೋಡುವ ಮನೆಗಳಿಂದಲೇ ನಾವೆಲ್ಲ ಬಂದವರು. ಹಲ್ಲಿಯ ಪಾಠವನ್ನು ಹಾಗೇ ಬಿಟ್ಟರೆ ಅದು ಸೀದಾ ಅಡುಗೆಮನೆಗೆ ಹೋಗುತ್ತದೆಂದು ನನಗೆ ಗೊತ್ತಿತ್ತು. ಅದಕ್ಕೇ ಮನುಷ್ಯರ ಭಾಗವನ್ನು ಮರುದಿನಕ್ಕೆ ತಳ್ಳದೆ ಅಲ್ಲೇ ಪಕ್ಕದಲ್ಲಿ ಬರೆದೆ. ಸಸ್ತನಿಯ ಗರ್ಭದೊಳಗಿನ ತಾಪ ಹೆಚ್ಚುಕಡಿಮೆ ಸ್ಥಿರ, ಅದಕ್ಕೆ ಇಲ್ಲಿ ಕೆಲಸವೇ ಇಲ್ಲ. ಅಂಡಾಣು ಯಾವಾಗಲೂ ಎಕ್ಸ್ ಕೊಡುತ್ತದೆ. ವೀರ್ಯಾಣು ಎಕ್ಸ್ ತಂದರೆ ಹೆಣ್ಣು, ವೈ ತಂದರೆ ಗಂಡು. ಫಲಿತವಾದ ಕ್ಷಣದಲ್ಲಿಯೇ ಅದು ಮುಗಿದ ಮಾತು.

ಚಿರತೆ ಹಲ್ಲಿಯ ಮೊಟ್ಟೆಯನ್ನು ಜನರು ಪೆಟ್ಟಿಗೆಯಲ್ಲಿಟ್ಟು ಕಾವು ಕೊಡುತ್ತಾರೆ ಎಂದು ಮೊದಲೇ ಹೇಳಿದ್ದೆ. ಒಬ್ಬ ಹುಡುಗ ಕೇಳಿದ, ‘ಅವರು ಎಷ್ಟಕ್ಕೆ ಇಡ್ತಾರೆ ಮಿಸ್?’ ಮರಿ ಮಾಡಿ ಮಾರುವವರಿಗೆ ಹೆಣ್ಣು ಹೆಚ್ಚು ಬೇಕಾಗುತ್ತದೆ, ಒಂದು ಗಂಡಿಗೆ ಹಲವು ಹೆಣ್ಣು ಇದ್ದರೆ ಮೊಟ್ಟೆ ಹೆಚ್ಚು, ಗಂಡುಗಳನ್ನು ಒಟ್ಟಿಗೆ ಇಡಲೂ ಆಗದು, ಆದ್ದರಿಂದ ಎಷ್ಟೋ ಮಂದಿ ತಾಪವನ್ನು ಕೆಳಗೇ ಇಡುತ್ತಾರೆ ಎಂದೆ. ಆಗ ಕಿಟಕಿ ಪಕ್ಕದ ಬೆಂಚಿನಿಂದ ಒಂದು ಮಾತು ಬಂತು. ಅದುವರೆಗೆ ಬಾಯಿ ಬಿಡದ ಹುಡುಗಿ. ‘ಹಲ್ಲೀಲಿ ತಾಯಿ ಎಲ್ಲಿ ಮೊಟ್ಟೆ ಇಡ್ತಾಳೋ ಅದರ ಮೇಲೆ ಹೋಗುತ್ತೆ ಅಲ್ವಾ ಮಿಸ್. ಬಿಸಿ ಜಾಗಾನೋ ತಂಪು ಜಾಗಾನೋ ಅಂತ. ನಮ್ಮಲ್ಲಿ ತಾಯಿ ಕೈಲಿ ಅದೂ ಇಲ್ಲ. ಮತ್ತೆ ಅಮ್ಮನ್ನೇ ಯಾಕೆ ಬೈತಾರೆ?’

ನಮ್ಮ ಮನೆಯಲ್ಲಿ ನಾವು ಮೂವರು ಹೆಣ್ಣುಮಕ್ಕಳು. ಅವಳ ಪ್ರಶ್ನೆಗೆ ಉತ್ತರ ನನಗೆ ಪುಸ್ತಕ ತೆರೆಯುವ ಮೊದಲೇ ಗೊತ್ತಿತ್ತು. ‘ಗೊತ್ತಿಲ್ಲದೆ ಬೈತಾರೆ. ಕೆಲವರು ಗೊತ್ತಿದ್ದೂ ಬೈತಾರೆ’ ಎಂದೆ. ಊರಿನ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಭ್ರೂಣಲಿಂಗ ಪತ್ತೆ ಅಪರಾಧ ಎಂಬ ಫಲಕ ಇರುವುದನ್ನು ಯಾರು ನೋಡಿದ್ದೀರಿ ಎಂದು ಕೇಳಿದೆ. ಎಲ್ಲರೂ ಕೈ ಎತ್ತಿದರು. ಅದರ ಹಿಂದಿರುವುದು 1994ರ ಕಾಯ್ದೆ ಎಂದೆ. ಕಾಯ್ದೆ ಯಾಕೆ ಬೇಕಾಯಿತೆಂದು ಕೇಳಿದಾಗ ಯಾರೂ ಉತ್ತರಿಸಲಿಲ್ಲ. ಗೊತ್ತಿಲ್ಲದ ಮೌನವಲ್ಲ ಅದು.

ಪಾಠ ವೀಕ್ಷಿಸಿದ ಮೇಲ್ವಿಚಾರಕರು ನನ್ನ ದಾಖಲೆ ಪುಸ್ತಕದಲ್ಲಿ ಮೂರು ಕಡೆ ಸರಿ ಗುರುತು ಹಾಕಿ, ಸಾಕುಪ್ರಾಣಿಯ ಭಾಗದ ಎದುರು ‘ವಿಷಯಾಂತರ?’ ಎಂದು ಬರೆದರು. ಪ್ರಶ್ನಾರ್ಥಕ ಚಿಹ್ನೆ ಇದ್ದುದರಿಂದ ಉತ್ತರ ಹೇಳುವ ಅವಕಾಶ ನನಗಿದೆ ಎಂದುಕೊಂಡೆ. ಅನುವಂಶೀಯತೆಯ ಅಧ್ಯಾಯಕ್ಕೆ ಬಟಾಣಿ ಗಿಡ ಹೇಗೋ ಹಾಗೆಯೇ ಇದೂ. ಚಿರತೆ ಹಲ್ಲಿಯಲ್ಲಿ ಬಣ್ಣಕ್ಕಾಗಿ ಆರಿಸಿ ಬೆಳೆಸಿದ ತಳಿಗಳು ಹತ್ತಾರಿವೆ. ‘ಲೆಮನ್ ಫ್ರಾಸ್ಟ್’ ಎಂಬುದು ಅವುಗಳಲ್ಲಿ ಒಂದು, ಮೈಯೆಲ್ಲ ನಿಂಬೆಹಳದಿ, ಬಿಳಿ. ನೋಡಲು ಚೆಂದ. ಆದರೆ ಆ ತಳಿಯ ಹಲ್ಲಿಗಳ ಚರ್ಮದಲ್ಲಿ ಗೆಡ್ಡೆಗಳು ಏಳತೊಡಗಿದವು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಅಧ್ಯಯನ ಆ ಬಣ್ಣವನ್ನೂ ಗೆಡ್ಡೆಯನ್ನೂ ಜೀನೋಮಿನ ಒಂದೇ ತಾಣಕ್ಕೆ ಜೋಡಿಸಿತು. ಬಿಳಿ ಬಣ್ಣ ಕೊಡುವ ಕೋಶಗಳೇ ಹತೋಟಿ ತಪ್ಪಿ ಬೆಳೆಯುತ್ತಿದ್ದವು. ‘ಎನಿಗ್ಮಾ’ ಎಂಬ ಇನ್ನೊಂದು ತಳಿಯ ಹಲ್ಲಿಗಳು ತಲೆ ವಾಲಿಸಿ ಸುತ್ತು ಹೊಡೆಯುತ್ತವೆ. ಕೃತಕ ಆಯ್ಕೆ, ಒಂದು ಜೀನಿಗೆ ಒಂದಕ್ಕಿಂತ ಹೆಚ್ಚು ಪರಿಣಾಮ ಇತ್ಯಾದಿಗಳನ್ನು ಹೇಳಲು ಇದಕ್ಕಿಂತ ನೇರ ಉದಾಹರಣೆ ನಾನು ಕಂಡಿಲ್ಲ. ಇನ್ನು ಕಾವಿನ ತಾಪ ಲಿಂಗವನ್ನಷ್ಟೇ ತೀರ್ಮಾನಿಸಿ ಸುಮ್ಮನಾಗುವುದೂ ಇಲ್ಲ. ಟೆಕ್ಸಸ್ ವಿಶ್ವವಿದ್ಯಾಲಯದ ಡೇವಿಡ್ ಕ್ರೂಸ್ ಮತ್ತು ಅವರ ಸಹೋದ್ಯೋಗಿಗಳು ಇದೇ ಹಲ್ಲಿಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ, ಗಂಡು ಹೆಚ್ಚು ಹುಟ್ಟುವ ತಾಪದಲ್ಲಿ ಬಂದ ಹೆಣ್ಣುಗಳು ತಂಪಿನಲ್ಲಿ ಬಂದ ಹೆಣ್ಣುಗಳಿಗಿಂತ ಹೆಚ್ಚು ಜಗಳಗಂಟಿಗಳು ಎಂದು ತೋರಿಸಿದ್ದಾರೆ. ಮೇಲ್ವಿಚಾರಕರಿಗೆ ಇಷ್ಟನ್ನೂ ಹೇಳಿದೆ. ಅವರು ಕೇಳಿಸಿಕೊಂಡು, ‘ಸರಿ, ಆದರೆ ಪ್ರಶ್ನಾರ್ಥಕ ಚಿಹ್ನೆ ಇರಲಿ’ ಎಂದರು. ಇರಲಿ.

ಮಾರನೆಯ ದಿನ ಗೆರೆ ಎಳೆದಿದ್ದ ಹುಡುಗನೇ ನೀರಿನ ಬಾಟಲಿಯಲ್ಲಿ ಒಂದು ಮನೆಹಲ್ಲಿ ಹಿಡಿದು ತಂದ. ಮುಚ್ಚಳಕ್ಕೆ ತೂತು ಕೊರೆದಿದ್ದ. ‘ಇದು ಗಂಡೋ ಹೆಣ್ಣೋ ಮಿಸ್?’ ಪಾಠ ಯೋಜನೆಯಲ್ಲಿ ಇಲ್ಲದಿದ್ದರೂ ಹತ್ತು ನಿಮಿಷ ಅದಕ್ಕೇ ಕೊಟ್ಟೆ. ಬಾಟಲಿ ಸಾಲಿನಿಂದ ಸಾಲಿಗೆ ಹೋಯಿತು. ಕಣ್ಣುರೆಪ್ಪೆ ಇಲ್ಲವೆಂದು ಎಲ್ಲರೂ ಖಾತ್ರಿ ಮಾಡಿಕೊಂಡರು. ಪ್ಲಾಸ್ಟಿಕ್ಕಿಗೆ ಅಂಟಿದ ಬೆರಳಡಿಯ ಪಟ್ಟಿಗಳು ಕೆಳಗಿನಿಂದ ಸ್ಪಷ್ಟವಾಗಿ ಕಂಡವು. ಚಿರತೆ ಹಲ್ಲಿಯ ಗಂಡಿಗೆ ಬಾಲದ ಬುಡದ ಮುಂದೆ ಬಾಣದ ಮೊನೆಯಂತೆ ರಂಧ್ರಗಳ ಸಾಲಿರುತ್ತದೆ, ಮನೆಹಲ್ಲಿಯ ಗಂಡಿಗೆ ತೊಡೆಗಳುದ್ದಕ್ಕೂ ಅಂಥ ಸಾಲು. ಇದಕ್ಕೆ ಏನೂ ಇರಲಿಲ್ಲ. ರಂಧ್ರ ಹುಡುಕುವ ಅಗತ್ಯವೂ ಬೀಳಲಿಲ್ಲ, ಏಕೆಂದರೆ ಹೊಟ್ಟೆಯ ತೆಳುಚರ್ಮದ ಹಿಂದೆ ಎರಡು ದುಂಡನೆಯ ಬಿಳಿ ಮೊಟ್ಟೆಗಳು ಕಾಣುತ್ತಿದ್ದವು. ಚಿರತೆ ಹಲ್ಲಿಯೂ ಒಂದು ಸಲಕ್ಕೆ ಸಾಮಾನ್ಯವಾಗಿ ಎರಡೇ ಮೊಟ್ಟೆ ಇಡುತ್ತದೆ, ಆದರೆ ಅದರ ಮೊಟ್ಟೆಯ ಹೊದಿಕೆ ಚರ್ಮದಂತೆ ಮೆತ್ತಗೆ, ನೆಲದ ತೇವ ಹೀರಿ ಉಬ್ಬುತ್ತದೆ. ಮನೆಹಲ್ಲಿಯದು ಸುಣ್ಣದಂತೆ ಗಟ್ಟಿ, ಗಡಿಯಾರದ ಹಿಂದೆ ಒಣ ಜಾಗದಲ್ಲಿಯೂ ಉಳಿಯುತ್ತದೆ.

‘ಸಾಕ್ಲಾ ಮಿಸ್?’ ಎಂದು ಅವನು ಕೇಳುವ ಮೊದಲೇ ಕಿಟಕಿ ಪಕ್ಕದ ಹುಡುಗಿ, ‘ಮೊಟ್ಟೆ ಇಡೋ ಜಾಗ ಅದೇ ನೋಡ್ಕೊಳ್ಳುತ್ತೆ, ಬಿಡೋ’ ಎಂದಳು. ನಾವೆಲ್ಲ ಹೊರಗೆ ಹೋಗಿ ಅಡುಗೆಕೋಣೆಯ ಹಿಂದಿನ ಗೋಡೆಯ ಹತ್ತಿರ ಮುಚ್ಚಳ ತೆಗೆದೆವು. ಸ್ವಲ್ಪ ಹೊತ್ತು ಅದು ಬಾಟಲಿಯ ಬಾಯಲ್ಲೇ ಕುಳಿತಿತ್ತು. ಆಮೇಲೆ ಒಂದೇ ಓಟಕ್ಕೆ ಗೋಡೆ ಹತ್ತಿ, ಹೆಂಚಿನ ಕೆಳಗಿನ ನೆರಳಿಗೆ ಹೋಗಿ ನಿಂತಿತು.